ನಾಲ್ಕು ಪುಟದ ಅಣ್ಣ

ನಾನು ಮಹಾರಾಷ್ಟ್ರದ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ಹೆಚ್ಚಾಗಿ ನನಗೆ ಬೀಳುವ ಡ್ಯೂಟಿ ಉಮರ್ಗಾದಿಂದ ನಿಲಂಗಾ, ಅಲ್ಲಿಂದ ಉದಗೀರ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ನಟನೆ ನನ್ನ ಪಾಲಿಗೆ ಬಂದದ್ದೂ ಈ ಕೆಲಸದಿಂದಲೇ. ನಾಲ್ಕು ವರ್ಷದ ಹಿಂದೆ ಪುಣೆಯ ಕೆಲವರು ಉಮರ್ಗಾ ಸ್ಟ್ಯಾಂಡಿನಲ್ಲಿ ಒಂದು ಸಣ್ಣ ಸಿನಿಮಾದ ಶೂಟಿಂಗ್ ಇಟ್ಟುಕೊಂಡಿದ್ದರು. ಕಂಡಕ್ಟರ್ ಪಾತ್ರಕ್ಕೆ ಅವರು ಕರೆತಂದವಳಿಗೆ ಟಿಕೆಟ್ ಮಷೀನು ಹಿಡಿದು ನಡೆಯಲು ಬರಲಿಲ್ಲ. ಡ್ಯೂಟಿ ಮುಗಿಸಿ ಅಲ್ಲೇ ನಿಂತು ನೋಡುತ್ತಿದ್ದ ನನ್ನನ್ನು ಕರೆದು ನಿಲ್ಲಿಸಿದರು. ಐದು ಮಾತು ಇದ್ದವು, ಮೂರು ಸಲಕ್ಕೆ ಮುಗಿಯಿತು. ಹೋಗುವಾಗ ನನ್ನ ನಂಬರನ್ನು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿ ಹೋದರು.

ಆ ಗುಂಪಿಗೆ ಆಗಾಗ ಆಡಿಷನ್ ಬರುತ್ತದೆ. ಒಂದು ದೃಶ್ಯದ ಎರಡು ಮೂರು ಪುಟ, ಯಾವ ವಯಸ್ಸಿನವರು ಬೇಕು ಎಂಬ ಒಂದು ಸಾಲು, ಎರಡು ದಿನದ ಗಡುವು. ಮನೆಯಲ್ಲೇ ಫೋನಿನಲ್ಲಿ ಚಿತ್ರೀಕರಿಸಿ ಕಳಿಸಬೇಕು. ಚಿತ್ರದಲ್ಲಿ ನಾವೊಬ್ಬರೇ ಕಾಣಬೇಕು, ಎದುರಿನ ಪಾತ್ರದ ಮಾತನ್ನು ಯಾರಾದರೂ ಕ್ಯಾಮೆರಾದ ಹಿಂದೆ ಕೂತು ಓದಬೇಕು.

ಮೊದಮೊದಲು ನನ್ನ ಗಂಡ ಓದುತ್ತಿದ್ದರು. ಅವರದು ಪಂಪಿನ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿ. ಎಂಥ ಮಾತು ಕೊಟ್ಟರೂ ತಾಮ್ರದ ತಂತಿಯ ಅಳತೆ ಓದಿದ ಹಾಗೆ ಓದುತ್ತಿದ್ದರು. ಪ್ರೀತಿಯ ಮಾತು ಬಂದರೆ ನಗು ತಡೆಯಲು ಆಗುತ್ತಿರಲಿಲ್ಲ. ಒಮ್ಮೆ ದುಷ್ಟನ ಪಾತ್ರ ಓದುತ್ತ ನನ್ನನ್ನು ಹೆದರಿಸುತ್ತಿರುವಾಗ ಒಬ್ಬ ರೈತನ ಫೋನು ಬಂತು. ಮೋಟಾರ್ ಸುಟ್ಟಿದೆಯೆಂದು ಹೇಳಿದನಂತೆ, ಇವರು ಹಾಳೆ ನನ್ನ ಕೈಗಿಟ್ಟು ಹೊರಟೇಬಿಟ್ಟರು. ಆಮೇಲೆ ನಾನು ಅವರನ್ನು ಕರೆಯುವುದು ಬಿಟ್ಟೆ.

ಗುಂಪಿನಲ್ಲಿದ್ದ ಲಾತೂರಿನ ಒಬ್ಬ ಹೆಣ್ಣುಮಗಳು ಎ.ಐ. ಆ್ಯಪ್ ಒಂದರ ವಿಷಯ ಹೇಳಿದಳು. ದೃಶ್ಯವನ್ನು ಅದಕ್ಕೆ ಕೊಟ್ಟು, ನಮ್ಮ ಪಾತ್ರ ಯಾವುದೆಂದು ತೋರಿಸಿದರೆ ಉಳಿದ ಪಾತ್ರಗಳನ್ನು ಅದು ಮಾತಾಡುತ್ತದೆ. ಗಂಡಸಿನ ದನಿ, ಹೆಂಗಸಿನ ದನಿ, ಮುದುಕರ ದನಿ, ಬೇಕಾದ್ದು ಆರಿಸಿಕೊಳ್ಳಬಹುದು. ನಾವು ನಮ್ಮ ಮಾತು ಮುಗಿಸಿ ಸುಮ್ಮನಾದೊಡನೆ ಅದು ತನ್ನ ಮಾತು ಶುರು ಮಾಡುತ್ತದೆ. ಐವತ್ತು ಸಲ ಹೇಳಿಸಿದರೂ ಬೇಸರಿಸುವುದಿಲ್ಲ, ನಗುವುದಿಲ್ಲ, ಅದಕ್ಕೆ ಫೋನು ಬರುವುದಿಲ್ಲ.

ವಾರದ ರಜೆಯ ದಿನ ಮಧ್ಯಾಹ್ನ ಒಂದರಿಂದ ಮೂರರವರೆಗೆ ನನ್ನ ಹೊತ್ತು. ನಮ್ಮ ಮನೆಯ ಎದುರಿಗೆ ಹಿಟ್ಟಿನ ಗಿರಣಿ ಇದೆ, ಅದು ಬಂದ್ ಆಗುವುದು ಆ ಎರಡು ತಾಸು ಮಾತ್ರ. ಮಲಗುವ ಕೋಣೆಯ ಗೋಡೆಗೆ ಎರಡು ಕೌದಿ ತೂಗುಹಾಕುತ್ತೇನೆ, ದನಿ ಗುಂಯ್ಗುಡಬಾರದೆಂದು. ಹೊಲಿಗೆ ಯಂತ್ರದ ಮೇಲೆ ಜೋಳದ ಹಿಟ್ಟಿನ ಡಬ್ಬಿ, ಅದಕ್ಕೆ ಒರಗಿಸಿ ನನ್ನ ಫೋನು. ಆ್ಯಪ್ ಇರುವುದು ಗಂಡನ ಹಳೆಯ ಫೋನಿನಲ್ಲಿ. ಅದನ್ನು ಕಿಟಕಿಯ ಕಟ್ಟೆಯ ಮೇಲೆ, ಎದುರಿನವನ ಮುಖ ಎಲ್ಲಿರಬೇಕೋ ಆ ಎತ್ತರಕ್ಕೆ ಇಡುತ್ತೇನೆ.

ಮೊದಲ ದಿನ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರಂತೆ. ನಾನು ಹೊರಬಂದಾಗ ಒಳಗೆ ಯಾವ ಗಂಡಸು ಮಾತಾಡುತ್ತಿದ್ದಾನೆ ಎಂದು ಕೇಳಿದರು. ಫೋನು ತೋರಿಸಿ ಎಲ್ಲ ಬಿಡಿಸಿ ಹೇಳಿದೆ. ಅತ್ತೆ ಫೋನನ್ನು ತಿರುಗಿಸಿ ನೋಡಿದರು.

"ಮನಷ್ಯಾ ಅಲ್ಲಂದ್ರ ಛಾ ಮಾಡೂದ ಉಳೀತು," ಎಂದು ಒಳಗೆ ಹೋದರು.

ಆ ಆ್ಯಪಿನಿಂದ ಲಾಭವಾಯಿತು ಎಂದೇ ಹೇಳಬೇಕು. ಒಂದು ಮರಾಠಿ ಸೀರಿಯಲ್ಲಿನಲ್ಲಿ ಆಸ್ಪತ್ರೆಯ ಆಯಾ ಪಾತ್ರ ಸಿಕ್ಕಿತು, ಎರಡು ದಿನದ ಕೆಲಸ. ಆದರೆ ಶೂಟಿಂಗಿನಲ್ಲಿ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು, ಪ್ರತಿ ಮಾತಿನ ಕೊನೆಗೆ ಯಾಕೆ ಹಾಗೆ ನಿಂತುಬಿಡುತ್ತೀರಿ, ಎದುರಿನವರು ಮುಗಿಸುವ ಮೊದಲೇ ಬಾಯಿ ಹಾಕಿ ಎಂದರು. ಆಗ ನನಗೆ ಗೊತ್ತಾಯಿತು. ಸುಮ್ಮನಾದರೇ ಆ್ಯಪ್ ಮಾತಾಡುವುದರಿಂದ ಮಾತಿಗೊಮ್ಮೆ ಸುಮ್ಮನಾಗುವುದು ನನಗೆ ರೂಢಿಯಾಗಿತ್ತು. ದಿನಕ್ಕೆ ನಾಲ್ಕುನೂರು ಜನರ ಮಾತಿಗೆ ಅಡ್ಡ ಮಾತಾಡಿ ಟಿಕೆಟ್ ಕೊಡುವವಳಿಗೆ ಹೀಗೆ ಹೇಳಿಸಿಕೊಳ್ಳುವ ಪಾಳಿ ಬಂತಲ್ಲ ಎಂದು ನಮ್ಮ ಬಸ್ಸಿನ ಡ್ರೈವರ್ ಕಾಕಾ ಬಹಳ ದಿನ ನಗುತ್ತಿದ್ದರು.

ಕಳೆದ ವರ್ಷ ಮಳೆಗಾಲದ ಮೊದಲಿಗೆ ಒಂದು ದೃಶ್ಯ ಬಂತು. ನಾಲ್ಕು ಪುಟ. ಗಡಿಯ ಕಡೆಯ ಕತೆ, ಮಾತು ಕನ್ನಡದಲ್ಲಿ ಬೇಕು, ಆ ಕಡೆಯ ಹೆಣ್ಣುಮಕ್ಕಳೇ ಕಳಿಸಿರಿ ಎಂದು ಬರೆದಿದ್ದರು. ಕನ್ನಡದ ಮಾತನ್ನು ಮರಾಠಿ ಅಕ್ಷರದಲ್ಲಿ ಬರೆದಿದ್ದರು. ನಾನು ನನ್ನ ತವರು ಗುಂಜೋಟಿಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಕಲಿತವಳು. ಉದಗೀರ ಸ್ಟ್ಯಾಂಡಿನಲ್ಲಿ ಬಸ್ಸು ಬಿಡಲು ಇನ್ನೂ ಹೊತ್ತಿತ್ತು, ಕಂಡಕ್ಟರ್ ಸೀಟಿನಲ್ಲಿ ಕೂತು ಓದಿದೆ.

ದೃಶ್ಯ ಇಷ್ಟು. ರಿಜಿಸ್ಟ್ರಿ ಕಚೇರಿಯ ಅಂಗಳ. ಅಣ್ಣ ಒಂದು ಹಕ್ಕಸೋಡ ಪತ್ರ ಬರೆಸಿಕೊಂಡು ಬಂದಿದ್ದಾನೆ. ತಂದೆಯ ಹೊಲದಲ್ಲಿ ನನಗೆ ಪಾಲು ಬೇಡ ಎಂದು ಹೆಣ್ಣುಮಕ್ಕಳು ಬರೆದುಕೊಡುವ ಕಾಗದ ಅದು. ತಂಗಿ ಸಹಿ ಮಾಡುವ ಮೊದಲು ನಂದೊಂದು ಮಾತಿದೆ ಅನ್ನುತ್ತಾಳೆ. ಮಾತು ಊಟವಾದ ಮೇಲೆ ಆಡೋಣ, ಸಾಹೇಬರು ಕಾಯುತ್ತಿದ್ದಾರೆ, ನಡಿ ಅನ್ನುತ್ತಾನೆ ಅಣ್ಣ. ಆಗ ಅವಳು ಹೇಳಬೇಕಾದ ಮಾತು: "ನಾ ಸಹಿ ಮಾಡಂಗಿಲ್ಲ. ಬ್ಯಾಡ ಅನ್ನೂದಾದ್ರ ನಾ ಅನ್ಬೇಕು, ನೀ ಬರಸ್ಕೊಂಡು ಬರೂದಲ್ಲ." ಆಮೇಲೆ ಇಬ್ಬರೂ ಜಗಳವಾಡುತ್ತಾರೆ. ಜಗಳ ಅರ್ಧಕ್ಕಿರುವಾಗಲೇ ನಾಲ್ಕನೆಯ ಪುಟ ಮುಗಿಯುತ್ತದೆ.

ನಾನೂ ಅಂಥದೊಂದು ಕಾಗದಕ್ಕೆ ಸಹಿ ಮಾಡಿದವಳೇ. ಅಪ್ಪ ಹೋದ ಮರುವರ್ಷ, ಅಂದರೆ ಹನ್ನೊಂದು ವರ್ಷದ ಹಿಂದೆ. ಅಕ್ಕನನ್ನು ಮಾಕಣಿಗೆ ಕೊಟ್ಟಿದ್ದೇವೆ. ಅಣ್ಣ ಜೀಪು ಮಾಡಿಕೊಂಡು ಹೋಗಿ ಅವಳನ್ನು ಕರೆತಂದ. ನಾನು ಅರ್ಧ ದಿನದ ರಜೆ ಹಾಕಿದ್ದೆ. ಕಚೇರಿಯಲ್ಲಿ ಕೂತವನು ಸ್ವಖುಷಿಯಿಂದ ಕೊಡುತ್ತಿದ್ದೀರಲ್ಲವೇ ಎಂದು ಮರಾಠಿಯಲ್ಲಿ ಕೇಳಿದ. ಅಕ್ಕ ಹೌದು ಅಂದಳು. ನಾನು ಏನೂ ಅನ್ನಲಿಲ್ಲ. ಅವನು ಕಂಪ್ಯೂಟರನ್ನೇ ನೋಡುತ್ತಿದ್ದ, ನನ್ನ ಹೆಬ್ಬೆರಳನ್ನು ಯಂತ್ರದ ಮೇಲೆ ಇಡಿಸಿ, ಫೋಟೋ ತೆಗೆದು, ಮುಂದಿನವರನ್ನು ಕರೆದ. ಅಣ್ಣ ಇಬ್ಬರಿಗೂ ಸೀರೆ ಕೊಡಿಸಿದ. ಯೆಣೆಗೂರದ ಧಾಬಾದಲ್ಲಿ ಶೇವ ಭಾಜಿ, ಭಕ್ರಿ ಉಣ್ಣಿಸಿದ. ಚೆನ್ನಾಗಿ ಉಂಡೆನೆಂಬುದು ನನಗೆ ನೆನಪಿದೆ.

ಅಣ್ಣ ಕೆಟ್ಟವನಲ್ಲ. ಪ್ರತಿ ವರ್ಷ ನಮ್ಮ ಮನೆಗೆ ತೊಗರಿಬೇಳೆ, ಜೋಳ ಬರುತ್ತದೆ. ಪಂಚಮಿಗೆ ಕರೆಯಲು ತಪ್ಪದೇ ತಾನೇ ಬರುತ್ತಾನೆ. ಹೊಲವನ್ನು ಅವನೇ ದುಡಿದ, ಅವ್ವನನ್ನು ಕೊನೆತನಕ ಅವನೇ ನೋಡಿಕೊಂಡ. ನನಗೆ ಅವನ ಮೇಲೆ ಸಿಟ್ಟಿತ್ತು ಎಂದು ಆ ದೃಶ್ಯ ಓದುವವರೆಗೆ ಯಾರಾದರೂ ಕೇಳಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆ.

ರಜೆಯ ದಿನ ಕೌದಿ ಕಟ್ಟಿ, ಎರಡೂ ಫೋನು ಇಟ್ಟು ನಿಂತೆ. ಮೊದಲ ಅಡಚಣಿ ಬಂದದ್ದು ಅಣ್ಣನ ಮಾತಿನದು. ದೃಶ್ಯದಲ್ಲಿದ್ದ ಹಾಗೆ 'ಕಾಯಲಾಕತ್ತಾರ' ಎಂದು ಬರೆದುಕೊಟ್ಟರೆ ಆ್ಯಪ್ ಅದನ್ನು ಮೂರು ತುಂಡು ಮಾಡಿ, ಮೂರು ಬೇರೆ ಬೇರೆ ಸಾಮಾನಿನ ಹೆಸರು ಹೇಳಿದಂತೆ ಹೇಳಿತು. ನಮ್ಮ ಕಡೆಯ ಹಾಗೆ ಮಾತಾಡು ಎಂದು ಹೇಳಿದೆ. ಆಗಲಿ ಎಂದು ಒಪ್ಪಿಕೊಂಡು ಮಾತುಮಾತಿಗೂ ರೀ ಹಚ್ಚತೊಡಗಿತು, ಒಡಹುಟ್ಟಿದ ತಂಗಿಗೆ 'ನಡೀರಿ' ಅಂದಿತು. ಕಡೆಗೆ ಅಣ್ಣನ ಮಾತನ್ನೆಲ್ಲ ಪುಸ್ತಕದ ಕನ್ನಡದಲ್ಲಿ ಮತ್ತೆ ಬರೆದು ಹಾಕಿದೆ. ಹೀಗಾಗಿ ನನ್ನ ಎದುರಿಗೆ ನಿಂತ ಅಣ್ಣ ರೇಡಿಯೋದ ವಾರ್ತೆ ಓದುವವನಂತೆ ಮಾತಾಡುವವನಾದ.

ಶುರು ಮಾಡಿದೆ. ನಂದೊಂದು ಮಾತು ಅದ ಎನ್ನುವವರೆಗೆ ಸರಿ ಬಂತು. ಅದು ಹೇಳಿತು, "ಮಾತು ಊಟವಾದ ಮೇಲೆ ಆಡೋಣ. ಸಾಹೇಬರು ಕಾಯುತ್ತಿದ್ದಾರೆ, ನಡೆ."

ನನ್ನ ಮಾತು ಬರಲಿಲ್ಲ. ಮರೆತಿರಲಿಲ್ಲ, ಎರಡು ದಿನ ಬಸ್ಸಿನಲ್ಲಿ ಹಾದಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆದೆ, ದನಿ ಹೊರಡಲಿಲ್ಲ, ಅಷ್ಟೇ. ನಾನು ಸುಮ್ಮನಿದ್ದುದನ್ನು ನೋಡಿ ಆ್ಯಪ್ ನನ್ನ ಮಾತು ಮುಗಿಯಿತೆಂದು ತಿಳಿದು ಅಣ್ಣನ ಮುಂದಿನ ಮಾತಿಗೆ ಹೋಯಿತು. ನಿಲ್ಲಿಸಿ ಮತ್ತೆ ಮೊದಲಿನಿಂದ ಹಚ್ಚಿದೆ. ಮತ್ತೆ ಹಾಗೇ ಆಯಿತು. ನಾಲ್ಕೈದು ಸಲ ಅದು ನನ್ನನ್ನು ದಾಟಿಕೊಂಡು ಮುಂದೆ ಹೋಯಿತು. ಆರನೆಯ ಸಲವೋ ಏನೋ, ಮಾತು ಬಂತು, ಆದರೆ ಮೆಲ್ಲಗೆ ಬಂತು, ಬೇರೆ ಯಾರದೋ ತಪ್ಪಿಗೆ ಕ್ಷಮೆ ಕೇಳಿದ ಹಾಗಿತ್ತು.

ಕೆಳಗೆ ಕೂತೆ. ಆ ಕಚೇರಿಯವನೂ ಹೀಗೇ ಮಾಡಿದ್ದನಲ್ಲ ಎಂದು ಆಗ ಹೊಳೆಯಿತು. ಅವನ ಮೇಲೂ ಸಿಟ್ಟು ಬರಲಿಲ್ಲ. ಅವನಿಗೆ ಸಾಲಿನಲ್ಲಿ ಇನ್ನೂ ಜನ ಇದ್ದರು. ನಾನಾದರೂ ಬಸ್ಸಿನಲ್ಲಿ ಬಾಯಿಬಿಡದ ಮುದುಕಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತೇನೆ?

ಆ್ಯಪಿನ ಸೆಟ್ಟಿಂಗಿನಲ್ಲಿ ಹುಡುಕಿದೆ. ನಮ್ಮ ಮಾತು ಪೂರ್ತಿ ಕಿವಿಗೆ ಬೀಳುವವರೆಗೆ ಕಾಯುವ ಹಾಗೆ ಅದನ್ನು ಇಡಬಹುದಿತ್ತು, ನನಗೇ ಇಷ್ಟು ದಿನ ಗೊತ್ತಿರಲಿಲ್ಲ. ಅದನ್ನು ಹಚ್ಚಿ ಮತ್ತೆ ನಿಂತೆ. ಅಣ್ಣ ನಡೆ ಅಂದ. ನಾನು ಸುಮ್ಮನೆ ನಿಂತೆ. ಅದೂ ಸುಮ್ಮನಿತ್ತು. ಒಂದು ನಿಮಿಷವೇ ಆಗಿರಬೇಕು. ಫೋನಿನ ಪರದೆ ಮಂದವಾಗಿ ಮತ್ತೆ ಬೆಳಗಿತು. ಆಮೇಲೆ ನಾನು ಸಹಿ ಮಾಡುವುದಿಲ್ಲ ಅಂದೆ. ಜೋರಾಗಿ ಅನ್ನಲಿಲ್ಲ, ಆದರೆ ಬರೋಬರ್ ಬಂತು. ಉಳಿದ ಜಗಳವನ್ನೂ ಒಂದೇ ಉಸುರಿನಲ್ಲಿ ಆಡಿದೆ.

ಆ ಸಲದ್ದನ್ನು ಕಳಿಸಲಾಗಲಿಲ್ಲ. ಅರ್ಧ ದೃಶ್ಯದಲ್ಲಿ ನಾನು ಚೌಕಟ್ಟಿನಿಂದ ಹೊರಗೆ ಹೋಗಿದ್ದೆ, ನನ್ನ ಕಿವಿ ಮತ್ತು ಕೌದಿ ಮಾತ್ರ ಕಾಣುತ್ತಿದ್ದವು. ಅದು ಬಂದ ಮೇಲೆ ಮುಂದಿನವು ಸಲೀಸಾಗಿ ಬಂದವು. ಎರಡು ಸಲ ಮಾಡಿ, ಎರಡನೆಯದನ್ನು ಆರಿಸಿ, ಗಿರಣಿ ಶುರುವಾಗುವ ಮೊದಲೇ ಕಳಿಸಿಬಿಟ್ಟೆ. ಆ್ಯಪ್ ನನ್ನ ಅಣ್ಣನ ಮಾತಿನಲ್ಲೇ, ನನ್ನ ಅಣ್ಣನ ದನಿಯಲ್ಲೇ ಮಾತಾಡಿದ್ದರೆ ನನಗೆ ಆ ಮಾತು ಬರುತ್ತಿತ್ತೇ ಎಂದು ಆಮೇಲೆ ಯೋಚಿಸಿದ್ದೇನೆ. ಬರುತ್ತಿರಲಿಲ್ಲ ಎಂದೇ ತೋರುತ್ತದೆ.

ಪಾತ್ರ ನನಗೆ ಸಿಗಲಿಲ್ಲ. ಮೂರು ವಾರದ ಮೇಲೆ ಗುಂಪಿನಲ್ಲಿ ಸೋಲಾಪುರದ ಯಾರಿಗೋ ಎಲ್ಲರೂ ಅಭಿನಂದನೆ ಹೇಳುತ್ತಿದ್ದರು, ಅದರಿಂದ ತಿಳಿಯಿತು. ಎರಡು ದಿನ ಬೇಸರವಾಯಿತು, ಮೂರನೆಯ ದಿನ ಡಬಲ್ ಡ್ಯೂಟಿ ಬಿತ್ತು.

ಪಂಚಮಿಗೆ ಅಣ್ಣ ಬಂದು ಕರೆದೊಯ್ದ. ಗುಂಜೋಟಿಯಲ್ಲಿ ಹಬ್ಬದ ಊಟವಾದ ಮೇಲೆ ಪಡಸಾಲೆಯಲ್ಲಿ ಕೂತಿದ್ದೆವು. ವೈನಿ, ಅಂದರೆ ಅಣ್ಣನ ಹೆಂಡತಿ, ನನ್ನ ಆಡಿಷನ್ ಅಂದರೆ ಜೀವ ಬಿಡುತ್ತಾರೆ, ಈ ಸಲ ಏನು ಮಾಡಿದಿರಿ ತೋರಿಸಿರಿ ಎಂದರು. ಯೋಚನೆ ಮಾಡದೆ ಫೋನು ಕೊಟ್ಟೆ. ಯಾವುದು ಶುರುವಾಯಿತೆಂದು ತಿಳಿಯುವಷ್ಟರಲ್ಲಿ ಅಣ್ಣನೂ ಬಂದು ವೈನಿಯ ಹಿಂದೆ ನಿಂತಿದ್ದ. ಕಸಿದುಕೊಳ್ಳಲು ಆಗಲಿಲ್ಲ. ಇಬ್ಬರೂ ಕೊನೆಯವರೆಗೆ ನೋಡಿದರು.

"ಆ ಗಂಡ್ಸಂದು ನಮ್ಮ ಕಡೀ ಮಾತಲ್ಲ," ಎಂದ ಅಣ್ಣ.

ಅದು ಮಷೀನು ಎಂದೆ.

ಅವನು ಕಂಬಕ್ಕೆ ಒರಗಿ ಕೂತ. ಅಡಿಕೆ ಕತ್ತರಿಸಿದ. ಒಂದು ಹೋಳು ಬಾಯಿಗೆ ಹಾಕಿಕೊಂಡು, "ಅಂವಾ ಕೊಡ್ತಾನೇನು ಕಡೀಕ?" ಎಂದು ಕೇಳಿದ.

"ಗೊತ್ತಿಲ್ಲ ಅಣ್ಣಾ. ನನಗ ನಾಕ ಪಾನಾನೇ ಕಳಿಸ್ಯಾರ."

"ಅವತ್ತ ನಿನಗೂ ಹಿಂಗ ಅನ್ನೂದಿತ್ತೇನು?"

ನಾನು ತುಸು ತಡೆದೆ. ಅವನು ನಡುವೆ ಮಾತಾಡಲಿಲ್ಲ. "ಬ್ಯಾಡ ಅಂತಿದ್ದೆ ಅಣ್ಣಾ. ಹೊಲ ನನಗ ಇವತ್ತೂ ಬ್ಯಾಡ. ಖರೇ, ನೀ ನನಗ ಕೇಳಲಿಲ್ಲ."

"ಕೇಳಲಿಲ್ಲ," ಎಂದ. "ಕೇಳಬೇಕಾಗಿತ್ತು."

ಮತ್ತೆ ಆ ಮಾತು ಬರಲಿಲ್ಲ. ಸಂಜೆ ಎತ್ತುಗಳಿಗೆ ನೀರು ಕುಡಿಸಲು ಹೋದವನು ಎಂದಿನಂತೆ ಬಂದ, ಎಂದಿನಂತೆ ಮಾತಾಡಿದ. ಮನಸ್ಸು ಹಗುರಾಯಿತು ಎನ್ನುವಂಥದ್ದೇನೂ ನನಗೆ ಆಗಲಿಲ್ಲ. ಹೇಳಿದ್ದು ಹೇಳಿದ ಹಾಗಾಯಿತು, ಅಷ್ಟೇ.

ಮರುದಿನ ಅಣ್ಣ ಹೊಲಕ್ಕೆ ಹೋದ ಮೇಲೆ ವೈನಿ ನನ್ನನ್ನು ಅಡಿಗೆಮನೆಗೆ ಕರೆದರು. ಅವರ ತವರು ನಿಲಂಗಾದಲ್ಲಿ, ಕಿರಾಣಿಯ ಮನೆತನ. ಒಬ್ಬನೇ ಅಣ್ಣ. ಹಬ್ಬ ಮುಗಿದ ಮೇಲೆ ಒಂದು ದಿನ ಬಂದು ಹೋಗು, ಕಚೇರಿಯ ಕೆಲಸವಿದೆ ಎಂದು ಅವನ ಫೋನು ಬಂದಿತ್ತು. ಯಾವ ಕೆಲಸವೆಂದು ಅವನೂ ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

"ನಿಮ್ಮ ಮಷೀನಿನಾಗ ನಮ್ಮ ಅಣ್ಣಗ ಹಾಕಾಕ ಬರ್ತದೇನ್ರಿ? ಒಂದ್ ಸಲ ಮಾತಾಡಿ ನೋಡ್ತೀನಿ," ಎಂದರು.

ಆ್ಯಪನ್ನು ನನ್ನ ಫೋನಿಗೂ ಹಾಕಿಕೊಂಡಿದ್ದೆ. ಅಣ್ಣ ಏನೇನು ಅನ್ನಬಹುದು, ತಂಗಿ ಏನು ಅನ್ನಬೇಕು ಎಂದು ನಾನೇ ಒಂದು ಸಣ್ಣ ದೃಶ್ಯ ಬರೆದು ಹಾಕಿದೆ. ಊರು ಏನಂದೀತು, ನಿನ್ನ ಮದುವೆಗೆ ನಾವು ಕಡಿಮೆ ಮಾಡಿದೆವೇ, ಇಂಥವು. ವೈನಿ ಕೇಳಿ ಅಲ್ಲವೆಂದು ತಲೆಯಾಡಿಸಿದರು. ತಮ್ಮ ಅಣ್ಣ ಇವುಗಳಲ್ಲಿ ಒಂದನ್ನೂ ಅನ್ನುವುದಿಲ್ಲ ಎಂದರು. ಅವನು ಅಳುತ್ತಾನಂತೆ. ಚಿಕ್ಕವರಿದ್ದಾಗಿನಿಂದ ಅವನು ಅತ್ತರೆ ಇವರು ಕೈಯಲ್ಲಿದ್ದದ್ದನ್ನು ಕೊಟ್ಟುಬಿಡುತ್ತಿದ್ದರಂತೆ. ಅಳುತ್ತ, ನಿನ್ನ ಮನಸಿಗೆ ಬಂದಂತೆ ಮಾಡವ್ವ ಎಂದಷ್ಟೇ ಅನ್ನುತ್ತಾನೆ.

ಉಳಿದದ್ದನ್ನು ಅಳಿಸಿ ಆ ಒಂದೇ ಮಾತನ್ನು ಇಟ್ಟೆ. ಅಳುತ್ತ ಹೇಳು ಎಂದು ಆ್ಯಪಿಗೆ ತಿಳಿಸುವ ದಾರಿ ನನಗೆ ಗೊತ್ತಿರಲಿಲ್ಲ. ಅದು ಒಣ ದನಿಯಲ್ಲಿ ಹೇಳಿತು, "ನಿನ್ನ ಮನಸ್ಸಿಗೆ ಬಂದಂತೆ ಮಾಡವ್ವ."

ವೈನಿ ನಕ್ಕುಬಿಟ್ಟರು. ಮತ್ತೊಮ್ಮೆ ಹಚ್ಚಿರಿ ಎಂದರು. ನಾಲ್ಕು ಸಲ ಹಚ್ಚಿಸಿ ಕೇಳಿದರು, ನಾಲ್ಕನೆಯ ಸಲಕ್ಕೆ ನಗು ನಿಂತಿತ್ತು.

"ಅಳೂದು ತೆಗದ್ರ ಮಾತು ಇಷ್ಟೇ ನೋಡ್ರಿ," ಎಂದರು. "ಇದಕ ಜವಾಬು ಕೊಡಾಕ ಬರ್ತದ."

ಏನು ಜವಾಬು ಎಂದು ನಾನು ಕೇಳಲಿಲ್ಲ. ಅವರೂ ಫೋನಿನ ಎದುರು ಅದನ್ನು ಹೇಳಲಿಲ್ಲ.

ಎರಡು ವಾರದ ಮೇಲೆ ಅವರು ನಿಲಂಗಾಕ್ಕೆ ಹೊರಟದ್ದು ನನ್ನ ಬಸ್ಸಿನಲ್ಲೇ. ಗುಂಜೋಟಿಯಿಂದ ಬೆಳಿಗ್ಗೆ ಉಮರ್ಗಾಕ್ಕೆ ಬಂದು, ನನ್ನ ಪಕ್ಕದ ಸೀಟು ಹಿಡಿದು ಕೂತರು. ಹೆಂಗಸರ ಅರ್ಧ ಟಿಕೆಟ್ ಹರಿದುಕೊಟ್ಟೆ. ದಾರಿಯಲ್ಲಿ ಸೋಯಾಬೀನ್ ಹೊಲಗಳ ಮಾತು, ಅವರ ಮಗಳ ಪರೀಕ್ಷೆಯ ಮಾತು. ನಿಲಂಗಾ ಸ್ಟ್ಯಾಂಡಿನಲ್ಲಿ ಅವರ ಅಣ್ಣ ಮೋಟಾರ್ ಸೈಕಲ್ ಹಿಡಿದು ನಿಂತಿದ್ದ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪ್ಲಾಸ್ಟಿಕ್ಕಿನ ಫೈಲು. ನನಗೆ ಶರಣು ಮಾಡಿ, ಊಟಕ್ಕೆ ಬರ್ರಿ ಎಂದು ಬಹಳ ಸಲ ಕರೆದ. ಒಳ್ಳೆಯ ಮುಖ. ಡ್ಯೂಟಿ ಇದೆ ಎಂದು ಉದಗೀರಕ್ಕೆ ಹೋದೆ.

ಮಧ್ಯಾಹ್ನ ವಾಪಸ್ಸು ಬಂದಾಗ ವೈನಿ ಸ್ಟ್ಯಾಂಡಿನಲ್ಲಿ ಒಬ್ಬರೇ ಕೂತಿದ್ದರು. ಬಸ್ಸು ಹತ್ತಿದರು. ಗರ್ದಿ ಇತ್ತು, ನಾನು ಹಿಂದಿನ ಸೀಟಿನವರೆಗೆ ಟಿಕೆಟ್ ಹರಿದು ಮುಗಿಸಿ ಬಂದು ಅವರ ಬಳಿ ಕೂರುವಷ್ಟರಲ್ಲಿ ಊರು ಬಹಳ ಹಿಂದೆ ಬಿದ್ದಿತ್ತು.

"ಅತ್ತಾನೇನ್ರಿ?" ಎಂದೆ.

"ಅತ್ತಾನ. ನಾನೂ ಅತ್ತೀನಿ."

"ಆಮ್ಯಾಲ?"

"ವಿಚಾರ ಮಾಡಿ ಹೇಳ್ತೀನಿ ಅಂದು ಬಂದೀನಿ. ಕಾಗದ ನನ್ನ ಕಡೀ ಕೊಡು, ಓದ್ತೀನಿ ಅಂದೆ."

ಕೈಚೀಲ ತೆರೆದು ತೋರಿಸಿದರು. ಬೆಳಿಗ್ಗೆ ಅವರ ಅಣ್ಣನ ಕೈಯಲ್ಲಿ ನೋಡಿದ ಫೈಲು ಒಳಗಿತ್ತು.

ಆ ಕಾಗದ ಇನ್ನೂ ಗುಂಜೋಟಿಯ ಮನೆಯ ಕಪಾಟಿನಲ್ಲಿದೆ. ಅವರ ಪಾಲು ಬಂದರೆ ನಮ್ಮ ಅಣ್ಣನ ಮನೆಗೇ ಬರುತ್ತದೆ, ಅದಕ್ಕೇ ಈ ಆಟ ಎಂದು ನಿಲಂಗಾದಲ್ಲಿ ಕೆಲವರು ಆಡಿಕೊಂಡರಂತೆ. ನಮ್ಮ ಅಣ್ಣ ಮಾತ್ರ ವೈನಿಗೆ ನಿನ್ನ ಮನಸ್ಸು ಎಂದು ಹೇಳಿ ದೂರ ನಿಂತಿದ್ದಾನೆ. ದೀಪಾವಳಿಗೆ ವೈನಿಯ ಅಣ್ಣ ಎಂದಿನಂತೆ ಬಂದು ಕರೆದ, ಇವರು ಹೋಗಿ ಎರಡು ದಿನ ಇದ್ದು ಬಂದರು. ಊಟದ ಹೊತ್ತಿಗೆ ಯಾರೂ ಆ ವಿಷಯ ತೆಗೆಯಲಿಲ್ಲವಂತೆ. ಸಹಿ ಮಾಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೂ ಇನ್ನೂ ಗೊತ್ತಿದ್ದಂತಿಲ್ಲ.